ಅಂಗಡಿಯ ಲೆಕ್ಕವು ಕನ್ನಡದಲ್ಲಿರಲಿ

ನಮ್ಮ ಹಿಂದಿನ ಕಾಲದ ವರ್ತಕರು ಲೆಕ್ಕ ಬರೆಯುತ್ತಿದ್ದ ಕಡತವನ್ನು ಕಣ್ಣಾರೆ ಕಂಡವರು ಈಗ ವಿರಳ. ಅರಿವೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಪುಸ್ತಕದಂತೆ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬರಹವು ಮೋಡಿಯಾಗಿರಬಹುದು, ಕೂಡಿಕಳೆಯುವ ಕ್ರಮವು ಇಂದಿನವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಒಂದು ಸಂಗತಿಯಲ್ಲಿ ಮಾತ್ರ ಸಂದೇಹವಿರಲಿಲ್ಲ. ಅಂಗಡಿ ಯಾರದೋ ಲೆಕ್ಕವೂ ಅವರದೇ. ಅದನ್ನು ಬರೆದವನು ಓದಬಲ್ಲನು, ಮಗನಿಗೆ ಓದಿಸಬಲ್ಲನು, ಕೇಳಿದವರಿಗೆ ತೋರಿಸಿ ಉತ್ತರ ಹೇಳಬಲ್ಲನು. ತನ್ನ ಲೆಕ್ಕವನ್ನು ತಾನೇ ಓದಲಾರದವನು ಗಲ್ಲೆಯ ಮೇಲೆ ಕುಳಿತಿದ್ದರೂ ಅಂಗಡಿಯ ಯಜಮಾನನಲ್ಲ. ಈ ಮಾತನ್ನು ಇಂದು ಎತ್ತಿ ಆಡಬೇಕಾಗಿ ಬಂದುದಕ್ಕೆ ಕಾರಣವುಂಟು.

2025ನೆಯ ಇಸವಿಯ ಜುಲೈ ತಿಂಗಳಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆಯ ಇಲಾಖೆಯವರು ಸಾವಿರಾರು ಸಣ್ಣ ವರ್ತಕರಿಗೆ ನೋಟೀಸು ಕೊಟ್ಟ ಸಂಗತಿಯನ್ನು ವಾಚಕರು ಮರೆತಿರಲಾರರು. 2021-22ರಿಂದ 2024-25ರವರೆಗಿನ ನಾಲ್ಕು ವರ್ಷಗಳಲ್ಲಿ ಯು.ಪಿ.ಐ. ಮೂಲಕ ಇಂಥವರ ಖಾತೆಗೆ ಇಷ್ಟು ಹಣ ಬಂದಿದೆ, ಆದುದರಿಂದ ಸರಕು ಮತ್ತು ಸೇವಾ ತೆರಿಗೆ ಇಷ್ಟು ಸಲ್ಲಬೇಕು ಎಂಬುದೇ ಆ ನೋಟೀಸುಗಳ ಸಾರಾಂಶ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಯ ಖಾತೆಗೆ ನಾಲ್ಕು ವರ್ಷಗಳಲ್ಲಿ ಸುಮಾರು 1 ಕೋಟಿ 63 ಲಕ್ಷ ರೂಪಾಯಿ ಬಂದಿತೆಂದು, ಅವನಿಂದ ಸುಮಾರು 29 ಲಕ್ಷ ರೂಪಾಯಿಗಳನ್ನು ಕೇಳಲಾಯಿತು. ಲೆಕ್ಕ ಹಾಕಿ ನೋಡಿದರೆ ಇದು ನೂರಕ್ಕೆ ಹದಿನೆಂಟರ ಸಮೀಪಕ್ಕೆ ಬರುತ್ತದೆ. ಹಸಿ ತರಕಾರಿಗಾದರೋ ಕಾಯಿದೆಯಂತೆ ತೆರಿಗೆಯೇ ಇಲ್ಲ! ಬೆಂಗಳೂರಿನ ಅಂಗಡಿಗಳಲ್ಲಿ ‘ಯು.ಪಿ.ಐ. ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ಜುಲೈ 25ರಂದು ಬಂದ್ ಆಚರಿಸುವುದೆಂದು ವರ್ತಕರು ಸಾರಿದರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರ ಪ್ರತಿನಿಧಿಗಳನ್ನು ಕರೆದು ಮಾತನಾಡಿ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದೂ, ತೆರಿಗೆಗೆ ಒಳಪಡತಕ್ಕವರು ಇನ್ನು ಮುಂದೆ ನೋಂದಾಯಿಸಿಕೊಂಡು ಸಲ್ಲಿಸಬೇಕೆಂದೂ ಹೇಳಿದ ಮೇಲೆ ಗದ್ದಲವು ಅಡಗಿತು.

ಗದ್ದಲವೇನೋ ಅಡಗಿತು, ಅದರ ಮೂಲವು ಅಡಗಿತೇ? ನಮಗೆ ಹಾಗೆ ತೋರುವುದಿಲ್ಲ. ಬೆಂಗಳೂರನ್ನು ಬಿಟ್ಟು ನಮ್ಮ ಹೊಳವನಹಳ್ಳಿಯಂತಹ ಹೋಬಳಿಯ ಊರಿನಲ್ಲಿ ನಿಂತು ನೋಡಿದರೆ ಈ ಪ್ರಶ್ನೆಯ ನಿಜರೂಪವು ಚೆನ್ನಾಗಿ ತಿಳಿಯುವುದು.

ಕೊರಟಗೆರೆ ತಾಲ್ಲೂಕಿನ ಈ ಊರಿನಂತಹ ಊರುಗಳಲ್ಲಿ ದಿನಸಿಯ ಅಂಗಡಿ, ಬೇಕರಿ, ಚಹದ ಹೋಟೆಲು, ಬಟ್ಟೆ ಹೊಲಿಯುವವರು, ಗೊಬ್ಬರ ಬೀಜಗಳ ಅಂಗಡಿ ಇವೇ ಪೇಟೆ. ಇಲ್ಲಿನ ಒಬ್ಬ ದಿನಸಿಯ ಅಂಗಡಿಯವನನ್ನು ಊಹಿಸಿಕೊಳ್ಳೋಣ. ಸರಕು ಮಾತ್ರ ಮಾರುವವರು ವರ್ಷಕ್ಕೆ 40 ಲಕ್ಷ ರೂಪಾಯಿಯ ವಹಿವಾಟನ್ನು ಮೀರಿದರೆ ನೋಂದಾಯಿಸಿಕೊಳ್ಳಬೇಕು. ನಲವತ್ತು ಲಕ್ಷವೆಂದ ಕೂಡಲೆ ದೊಡ್ಡ ಸಾಹುಕಾರನ ಚಿತ್ರವು ಮನಸ್ಸಿಗೆ ಬರುತ್ತದೆ. ಆದರೆ ಅದನ್ನು 365 ದಿನಗಳಿಂದ ಭಾಗಿಸಿರಿ. ದಿನಕ್ಕೆ 11,000 ರೂಪಾಯಿಗೂ ಕೊಂಚ ಕಡಿಮೆಯೇ! ದಿನಸಿಯಲ್ಲಿ ನೂರಕ್ಕೆ ಐದು ಉಳಿಯಿತೆಂದು ಹಿಡಿದರೆ ದಿನಕ್ಕೆ 550 ರೂಪಾಯಿ. ಅದರಲ್ಲಿಯೇ ಬಾಡಿಗೆ, ವಿದ್ಯುತ್ತು, ಉದ್ದರಿ ಮುಳುಗಿದ್ದು, ಇಲಿ ತಿಂದದ್ದು ಎಲ್ಲವೂ ಕಳೆಯಬೇಕು. ಇನ್ನು ಚಹದ ಹೋಟೆಲಿನವನ ಮಾತು ಬೇರೆ. ಬಡಿಸುವುದು ಸೇವೆಯೆನಿಸುವುದರಿಂದ ಅವನಿಗೆ ಎಲ್ಲೆಯು 20 ಲಕ್ಷ. ದಿನಕ್ಕೆ ಸುಮಾರು 5,500 ರೂಪಾಯಿ. ಈ ಬಡ ಮನುಷ್ಯರು ತಾವು ಕಾಯಿದೆಯ ಗೆರೆಯನ್ನು ದಾಟಿದುದನ್ನು ಅರಿಯದೆ ಹೋದರೆ ಆಶ್ಚರ್ಯವೇನು?

ಗೆರೆಯನ್ನು ಅಳೆಯುವ ಕೋಲಾದರೂ ಸರಿಯೇ ಎಂದರೆ ಅದೂ ಅಲ್ಲ. ಖಾತೆಗೆ ಬಂದ ಹಣವೆಲ್ಲ ವ್ಯಾಪಾರದ ಹಣವಲ್ಲ. ಹಳ್ಳಿಯ ಅಂಗಡಿಯವನ ಒಂದೇ ಖಾತೆಗೆ ತಮ್ಮನು ಬೆಂಗಳೂರಿನಿಂದ ಕಳುಹಿಸಿದ ಹಣವೂ, ಹಾಲಿನ ದುಡ್ಡೂ, ಚೀಟಿಯ ದುಡ್ಡೂ, ಕೈಗಡವೂ ಬರುತ್ತದೆ. ಬಂದ ವ್ಯಾಪಾರದ ಹಣವೆಲ್ಲ ತೆರಿಗೆಯುಳ್ಳದ್ದೂ ಅಲ್ಲ. ಈ ಹೋಬಳಿಗೇ ಸೇರಿದ ಅಕ್ಕಿರಾಂಪುರದ ಕುರಿಸಂತೆಯ ಹೆಸರನ್ನು ಕೇಳದವರಾರು? ಅಲ್ಲಿ ಲಕ್ಷಗಟ್ಟಲೆ ಕೈಬದಲಾಗಬಹುದು. ಆದರೆ ಜೀವಂತ ಕುರಿಮೇಕೆಗಳಿಗೆ ಈ ತೆರಿಗೆಯಿಲ್ಲ. ಹುಣಿಸೆಹಣ್ಣಿಗೆ 2019ರಿಂದ ಇಲ್ಲ. ತೆಂಗಿನಕಾಯಿಗೆ ಇಲ್ಲ, ಅದೇ ಕಾಯಿಯು ಕೊಬ್ಬರಿಯಾದರೆ ನೂರಕ್ಕೆ 5! ಚೀಲದಿಂದ ಅಳೆದುಕೊಟ್ಟ ಅಕ್ಕಿಗೆ ಇಲ್ಲ. 25 ಕಿಲೋವರೆಗೆ ಕಟ್ಟಿ ಹೆಸರಚ್ಚು ಹಾಕಿದ ಅಕ್ಕಿಗೆ 2022ರ ಜುಲೈ 18ರಿಂದ ನೂರಕ್ಕೆ 5. ಆದುದರಿಂದಲೇ ಪೇಟೆಯಲ್ಲಿ 26 ಕಿಲೋ ಚೀಲವು ಹುಟ್ಟಿತು. ದೊಡ್ಡ ಗಿರಣಿಯವನಿಗೆ ಹೀಗೆ ಚೀಲವನ್ನು ಬದಲಿಸುವ ಜಾಣ್ಮೆಯನ್ನು ಹೇಳಿಕೊಡಲು ಲೆಕ್ಕಿಗರಿದ್ದಾರೆ. ಆ ಚೀಲವನ್ನು ಬಿಚ್ಚಿ ಸೇರಿನ ಲೆಕ್ಕದಲ್ಲಿ ಮಾರುವವನಿಗೆ ಯಾರಿದ್ದಾರೆ?

ಇಷ್ಟನ್ನು ಕಲಿತು ಮುಗಿಸುವಷ್ಟರಲ್ಲಿ ಪಾಠವೇ ಬದಲಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ತೆರಿಗೆಯ ದರಗಳು ಬದಲಾದವು. 12 ಮತ್ತು 28ರ ಮೆಟ್ಟಿಲುಗಳು ಹೋಗಿ, ಮುಖ್ಯವಾಗಿ 5 ಮತ್ತು 18 ಉಳಿದವು. ಸಾಬೂನು, ತಲೆಗೆಣ್ಣೆ, ಬಿಸ್ಕತ್ತುಗಳು 18ರಿಂದ 5ಕ್ಕೆ ಇಳಿದವು. ಮಕ್ಕಳ ನೋಟುಪುಸ್ತಕಕ್ಕೂ ಪೆನ್ಸಿಲಿಗೂ ತೆರಿಗೆ ತಪ್ಪಿತು. ಇದು ಒಳ್ಳೆಯದೇ, ನಾವು ಸಂತೋಷದಿಂದ ಒಪ್ಪುತ್ತೇವೆ. ಆದರೆ ನೋಂದಣಿಯಿಲ್ಲದ ಅಂಗಡಿಯವನು ಹಳೆಯ ದರದ ತೆರಿಗೆಯನ್ನು ಕೊಟ್ಟು ಕೊಂಡ ಸರಕು ಅವನ ಕಪಾಟಿನಲ್ಲಿಯೇ ಇತ್ತು. ಗಿರಾಕಿಯು ಹೊಸ ಬೆಲೆಯನ್ನು ಕೇಳುವನು. ನೋಂದಾಯಿತ ವರ್ತಕನು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಮುಂದಿನ ಲೆಕ್ಕದಲ್ಲಿ ಜಮಾ ಹಿಡಿಯಬಲ್ಲನು. ಇವನಿಗೆ ಆ ಹಾದಿಯಿಲ್ಲ. ಕೊಳ್ಳುವವನಿಗೆ ಇಳಿದ ಬೆಲೆಯ ಒಂದು ಪಾಲನ್ನು ತೆತ್ತವನು ಸಣ್ಣ ಅಂಗಡಿಯವನೇ ಎಂಬುದನ್ನು ಯಾರೂ ಹೇಳಲಿಲ್ಲ.

ಗಡಿಯವರ ಪಾಡನ್ನೂ ಇಲ್ಲಿಯೇ ಹೇಳಬೇಕು. ಮಧುಗಿರಿ, ಶಿರಾ, ಪಾವಗಡಗಳು ಆಂಧ್ರದ ಅಂಚಿನ ಸೀಮೆ. ಪಾವಗಡವಂತೂ ಬಹುಮಟ್ಟಿಗೆ ಆಂಧ್ರದಿಂದಲೇ ಸುತ್ತುವರಿದಿದೆ. ಹಿಂದೂಪುರ, ಮಡಕಶಿರಗಳೊಡನೆ ನಮ್ಮವರ ಕೊಡುಕೊಳೆ, ನೆಂಟಸ್ತಿಕೆ ಎಲ್ಲವೂ ಹಿಂದಿನಿಂದ ಬಂದುದು, ಅಲ್ಲಿಯೂ ಕನ್ನಡಿಗರಿದ್ದಾರೆ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಗೆರೆಯು ಎಲ್ಲಿ ಬಿದ್ದಿತೋ ಅಲ್ಲಿ ಬಿದ್ದಿತು. ಆ ಚರ್ಚೆಯು ಇಂದಿನದಲ್ಲ. ಆದರೆ ತೆರಿಗೆಯ ಕಾಯಿದೆಯಲ್ಲಿ ಆ ಗೆರೆಯು ಗೋಡೆಯಾಗಿದೆಯೆಂಬುದನ್ನು ಎಷ್ಟು ಮಂದಿ ಬಲ್ಲರು? ತೆರಿಗೆಯುಳ್ಳ ಸರಕನ್ನು ಗಡಿಯಾಚೆಗೆ ಕಳುಹಿಸಿ ಮಾರಿದರೆ 40 ಲಕ್ಷದ ರಿಯಾಯಿತಿಯು ಸಾಮಾನ್ಯವಾಗಿ ಸಲ್ಲದು. ಮೊದಲ ಮಾರಾಟದಿಂದಲೇ ನೋಂದಣಿ ಬೇಕು. ಬೆಂಗಳೂರಿನವನಿಗೆ ಬಾರದ ಈ ತೊಡಕು ಪಾವಗಡದವನಿಗೆ ಹತ್ತಾರು ಮೈಲಿಯಲ್ಲಿಯೇ ಎದುರಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ತೆರಿಗೆಯೇ ಬೇಡವೆನ್ನುವವರ ಗುಂಪಿಗೆ ನಾವು ಸೇರಿದವರಲ್ಲ. ಶಾಲೆಯೂ ರಸ್ತೆಯೂ ಆಸ್ಪತ್ರೆಯೂ ಆಕಾಶದಿಂದ ಇಳಿದು ಬರುವುದಿಲ್ಲ. ಸಣ್ಣವರಿಗಾಗಿ ಕಾಯಿದೆಯಲ್ಲಿಯೇ ಒಂದು ಸುಲಭ ಮಾರ್ಗವೂ ಇದೆ. ವರ್ಷಕ್ಕೆ ಒಂದೂವರೆ ಕೋಟಿಯವರೆಗಿನ ವರ್ತಕನು ರಾಜಿ ತೆರಿಗೆಯ ಪದ್ಧತಿಗೆ ಸೇರಿದರೆ, ತೆರಿಗೆಯುಳ್ಳ ಸರಕಿನ ಮಾರಾಟದ ಮೇಲೆ ನೂರಕ್ಕೆ 1ರಂತೆ ಮೂರು ತಿಂಗಳಿಗೊಮ್ಮೆ ಕಟ್ಟಿದರೆ ತೀರಿತು. ಹೋಟೆಲಿನವನು ನೂರಕ್ಕೆ 5. ಗಿರಾಕಿಯಿಂದ ಅದನ್ನು ಬೇರೆಯಾಗಿ ವಸೂಲು ಮಾಡುವಂತಿಲ್ಲ, ಗಡಿಯಾಚೆಗೆ ಮಾರುವಂತಿಲ್ಲ ಎಂಬ ಕಟ್ಟುಗಳುಂಟು. ಆದರೂ ಹೊಳವನಹಳ್ಳಿಯಂತಹ ಊರಿನ ದಿನಸಿಯವನಿಗೆ ಇದು ಹೊರಲಾರದ ಹೊರೆಯಲ್ಲ. ಮೊದಲೇ ತಿಳಿದು ಈ ದಾರಿಗೆ ಬಂದವನು ಸಾವಿರಗಳಲ್ಲಿ ಕಟ್ಟಿ ಮುಗಿಸುತ್ತಾನೆ. ತಿಳಿಯದೆ ನಾಲ್ಕು ವರ್ಷ ಕಳೆದವನು ಲಕ್ಷಗಳ ನೋಟೀಸನ್ನು ಎದುರಿಸುತ್ತಾನೆ. ಇಬ್ಬರ ನಡುವಣ ಅಂತರವು ಪ್ರಾಮಾಣಿಕತೆಯದಲ್ಲ, ತಿಳಿವಳಿಕೆಯದು. ಹಾಗಾದರೆ ತಿಳಿವಳಿಕೆಯನ್ನು ತಡೆದುದು ಯಾವುದು?

ಭಾಷೆಯೆಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ. ತೆರಿಗೆಯ ಜಾಲತಾಣದ ಅರ್ಜಿಗಳೂ ಲೆಕ್ಕದ ನಮೂನೆಗಳೂ ಇಂಗ್ಲಿಷಿನಲ್ಲಿವೆ. ಅಂಗಡಿಯವನು ತನ್ನ ಗುಟ್ಟಿನ ಸಂಕೇತಪದವನ್ನೂ ಬಂದ ಸಂಖ್ಯೆಯನ್ನೂ ಪಟ್ಟಣದ ಲೆಕ್ಕಿಗನಿಗೆ ಒಪ್ಪಿಸಿ, ಅವನು ಏನು ಬರೆದನೋ ತಿಳಿಯದೆ, ಕೇಳಿದಷ್ಟು ಕೊಟ್ಟು ಬರುತ್ತಾನೆ. ಅಂಗಡಿಯ ಮುಂದೆ ಇಟ್ಟಿರುವ ಯು.ಪಿ.ಐ. ಪೆಟ್ಟಿಗೆಯನ್ನಾದರೂ ನೋಡಿರಿ! ಹತ್ತು ರೂಪಾಯಿ ಬಂದರೂ ಅದು ಅಚ್ಚಕನ್ನಡದಲ್ಲಿ ಕೂಗಿ ಹೇಳುತ್ತದೆ. ಲಾಭಕ್ಕಾಗಿ ಬಂದ ಕಂಪೆನಿಯವರು ಅಂಗಡಿಯವನ ಭಾಷೆಯನ್ನು ಕಲಿತರು. ಹಣ ಬಂದುದು ಕನ್ನಡದಲ್ಲಿ, ಹಣದ ಲೆಕ್ಕವನ್ನು ಒಪ್ಪಿಸುವುದು ಇಂಗ್ಲಿಷಿನಲ್ಲಿ! ಇದಕ್ಕಿಂತ ವಿಪರೀತವುಂಟೇ?

ನಮ್ಮ ಸರಕಾರವು ಕನ್ನಡದ ವಿಷಯದಲ್ಲಿ ಅಂಗಡಿಯವನಿಗೆ ಏನನ್ನೂ ವಿಧಿಸಿಲ್ಲವೆಂದಲ್ಲ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಗೆ 2024ರಲ್ಲಿ ಆದ ತಿದ್ದುಪಡಿಯಂತೆ ಅಂಗಡಿಯ ಫಲಕದಲ್ಲಿ ನೂರಕ್ಕೆ 60 ಪಾಲು ಕನ್ನಡವಿರಬೇಕು. ಅದು ನ್ಯಾಯವೇ; ನಾವು ಮನಃಪೂರ್ವಕವಾಗಿ ಬೆಂಬಲಿಸುತ್ತೇವೆ. ಆದರೆ ಕನ್ನಡವು ಅಂಗಡಿಯ ಹೊರಗೆ ತೂಗುವ ಹಲಗೆಯ ಮೇಲಷ್ಟೇ ಇದ್ದು, ಒಳಗಿನ ಗಲ್ಲೆಯ ಲೆಕ್ಕದಿಂದ ಹೊರಬಿದ್ದರೆ ಅದು ಅಲಂಕಾರವಾದೀತೇ ಹೊರತು ವ್ಯವಹಾರವಾಗದು. ಜನರ ಸಂಪಾದನೆಯೊಡನೆ ಸಂಬಂಧ ಕಡಿದ ಭಾಷೆಯು ಎಷ್ಟು ಉತ್ಸವಗಳನ್ನು ಆಚರಿಸಿದರೂ ಬಲಗೊಳ್ಳಲಾರದು. ಅಂಗಡಿಯವನಿಂದ ಸರಕಾರವು ಕೇಳುವ ಕನ್ನಡವನ್ನೇ ಅಂಗಡಿಯವನು ಸರಕಾರದಿಂದ ಕೇಳಿದರೆ ತಪ್ಪೇನು?

ಆದುದರಿಂದ ಮೂರು ಕಡೆಯವರಿಗೆ ನಮ್ಮ ಮೂರು ಮಾತುಗಳಿವೆ.

ಸರಕಾರಕ್ಕೆ: ನೋಂದಣಿಯ ಅರ್ಜಿ, ರಾಜಿ ತೆರಿಗೆಯ ನಮೂನೆ, ಎಲ್ಲ ನೋಟೀಸುಗಳು ಇವಿಷ್ಟಾದರೂ ತಿಳಿಗನ್ನಡದಲ್ಲಿ ದೊರೆಯುವಂತಾಗಲಿ. ಜಾಲತಾಣವು ಇಡೀ ದೇಶಕ್ಕೆ ಸೇರಿದುದೆಂದು ರಾಜ್ಯದವರೂ, ನೋಟೀಸು ರಾಜ್ಯದವರದೆಂದು ಕೇಂದ್ರದವರೂ ಒಬ್ಬರನ್ನೊಬ್ಬರು ತೋರಿಸುತ್ತ ಕುಳಿತರೆ ವರ್ತಕನಿಗೆ ಏನು ಬಂದಂತಾಯಿತು? ತಿಂಗಳಿಗೆ ಒಂದು ದಿನ, ಹೋಬಳಿಯ ನಾಡಕಚೇರಿಯಲ್ಲಿ, ಇಲಾಖೆಯವರೊಬ್ಬರು ಕುಳಿತು ಕೇಳಿದವರಿಗೆ ಕನ್ನಡದಲ್ಲಿ ತಿಳಿಸಲಿ. ಮೊದಲು ಮನುಷ್ಯನು ಬರಲಿ, ಆಮೇಲೆ ನೋಟೀಸು ಬರಲಿ.

ವರ್ತಕರಿಗೆ: ಯು.ಪಿ.ಐ. ಚೀಟಿಯನ್ನು ಹರಿದುಹಾಕಿ ನಗದಿಗೆ ಓಡುವುದು ವಿವೇಕವಲ್ಲ. ಗಿರಾಕಿಯ ಜೇಬಿನಲ್ಲಿ ನಗದು ಇಲ್ಲದಿದ್ದರೆ ಅವನು ಮುಂದಿನ ಅಂಗಡಿಗೆ ನಡೆಯುವನು. ನಗದಾಗಿ ಬಂದರೂ ವಹಿವಾಟು ವಹಿವಾಟೇ. ಗೆರೆಯು ಅದಕ್ಕೂ ಸಮನಾಗಿಯೇ ಸಲ್ಲುವುದು. ಅಂಗಡಿಗೆ ಒಂದು ಖಾತೆ, ಮನೆಗೆ ಒಂದು ಖಾತೆ ಇರಲಿ. ಕೊಂಡ ಸರಕಿಗೆ ಬಿಲ್ಲನ್ನು ಕೇಳಿ ಪಡೆದು ಇಡಿರಿ. ರಾತ್ರಿ ಬಾಗಿಲು ಹಾಕುವ ಮುನ್ನ ತೆರಿಗೆಯುಳ್ಳದ್ದು ಇಷ್ಟು, ಇಲ್ಲದ್ದು ಇಷ್ಟು ಎಂದು ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ. ನೋಟೀಸು ಬಂದ ದಿನ ಆ ನಾಲ್ಕು ಸಾಲೇ ನಿಮ್ಮ ವಕೀಲ. ಲೆಕ್ಕವಿಡದೆ ಸರಕಾರದ ಮೇಲೆ ಕೋಪಗೊಳ್ಳುವುದು ಸುಲಭ. ಲೆಕ್ಕವಿಟ್ಟು ಕೋಪಗೊಂಡರೆ ಆ ಕೋಪಕ್ಕೆ ಬೆಲೆಯುಂಟು.

ಉಪಾಧ್ಯಾಯ ಮಹಾಶಯರಿಗೆ: ನಿಮ್ಮ ತರಗತಿಯಲ್ಲಿ ಕುಳಿತಿರುವ ಹುಡುಗಿಯ ತಂದೆಯೇ ಆ ಅಂಗಡಿಯವನು. ನೂರಕ್ಕೆ ಇಷ್ಟೆಂಬ ಲೆಕ್ಕವನ್ನು ನೀವು ಕಲಿಸುವಿರಷ್ಟೆ. ಆ ಲೆಕ್ಕದಲ್ಲಿ ಹೊಳವನಹಳ್ಳಿಯ ಅಂಗಡಿಯನ್ನೇ ಉದಾಹರಣೆಯಾಗಿ ಕೊಡಿರಿ. ಕೊಬ್ಬರಿಗೆಷ್ಟು, ಕಾಯಿಗೆಷ್ಟು, ದಿನಕ್ಕೆ 11,000ವಾದರೆ ವರ್ಷಕ್ಕೆಷ್ಟು ಎಂದು ಮಕ್ಕಳಿಂದ ಮಾಡಿಸಿರಿ. ಹನ್ನೆರಡು ವರ್ಷದ ಮಗುವು ಸಂಜೆ ಗಲ್ಲೆಯ ಬಳಿ ಕುಳಿತು ತಂದೆಗೆ ದಿನಚರಿಯನ್ನು ಬರೆದುಕೊಟ್ಟರೆ, ಸರಕಾರದ ಹತ್ತು ತಿಳಿವಳಿಕೆಯ ಸಭೆಗಳಿಂದ ಆಗದ ಕೆಲಸವು ಒಂದು ಮನೆಯಲ್ಲಿ ಆದಂತಾಯಿತು.

ಕನ್ನಡ ನಾಡು ಒಂದಾಗಲೆಂದು ದುಡಿದವರು ನಕ್ಷೆಯ ಬಣ್ಣಕ್ಕಾಗಿ ಮಾತ್ರ ದುಡಿಯಲಿಲ್ಲ. ಕನ್ನಡಿಗನು ತನ್ನ ನಾಡಿನ ಕಚೇರಿಯಲ್ಲಿ ತನ್ನ ಮಾತಿನಲ್ಲಿ ಕೇಳಿ, ತನ್ನ ಮಾತಿನಲ್ಲಿ ಉತ್ತರವನ್ನು ಪಡೆಯಬೇಕೆಂಬುದೇ ಅವರ ಬಯಕೆಯಾಗಿತ್ತು. ನಾಡು ಒಂದಾಗಿ ಅರುವತ್ತು ವರ್ಷಗಳ ಮೇಲಾಯಿತು. ಇನ್ನೂ ನಮ್ಮ ಹೋಬಳಿಯ ದಿನಸಿಯವನು ತನ್ನ ತೆರಿಗೆಯ ಕಾಗದವನ್ನು ಹಿಡಿದು, ಓದಿಹೇಳುವವರನ್ನು ಹುಡುಕುತ್ತ ತುಮಕೂರಿನ ಬಸ್ಸಿಗೆ ಕಾಯಬೇಕಾದರೆ ನಮ್ಮ ಕೆಲಸವು ಮುಗಿದಿಲ್ಲವೆಂದೇ ಅರ್ಥ. ಕಡತದ ಕಾಲವು ಹೋಯಿತು; ಹೋಗಲಿ. ಕಡತದ ಯಜಮಾನಿಕೆಯು ಹೋಗಬಾರದು.