ಗೈಡಿಲ್ಲದ ಪರೀಕ್ಷೆ

ತತ್ತ್ವಶಾಸ್ತ್ರವೆಂದರೆ ನಮಗೆ ಒಂದು ಪೇಪರು. ಗೈಡು ಉರು ಹೊಡೆದರೆ ಪಾಸು. ಸಾಕ್ರಟೀಸನಾದರೋ ಒಂದು ಪುಸ್ತಕವನ್ನೂ ಬರೆದವನಲ್ಲ. ಅಥೆನ್ಸಿನ ಪೇಟೆಯಲ್ಲಿ ಸಿಕ್ಕವರನ್ನೆಲ್ಲ ಪ್ರಶ್ನಿಸುತ್ತಿದ್ದ. ಆ ಚಾಳಿ ಬಿಡಲೊಲ್ಲದೆ ಕ್ರಿ.ಪೂ. 399ರಲ್ಲಿ ವಿಷ ಕುಡಿದ. ಅವನಿಗೆ ಪರೀಕ್ಷೆಯೆಂದರೆ ಬದುಕಿನ ಪರೀಕ್ಷೆ.

ರೋಮಿನ ಸೆನೆಕ ಇದನ್ನೇ ದಿನದ ರೂಢಿ ಮಾಡಿಕೊಂಡ. ರಾತ್ರಿ ದೀಪ ತೆಗೆದು, ಹೆಂಡತಿ ಸುಮ್ಮನಾದ ಮೇಲೆ, ಅಂದು ಆಡಿದ್ದು ಮಾಡಿದ್ದನ್ನೆಲ್ಲ ಲೆಕ್ಕ ಹಾಕುತ್ತಿದ್ದ: ವಾದದಲ್ಲಿ ಜಗಳಕ್ಕಿಳಿದೆನೇ? ಬುದ್ಧಿ ಹೇಳಹೋಗಿ ಯಾರನ್ನಾದರೂ ನೋಯಿಸಿದೆನೇ? ಕಂಡ ತಪ್ಪನ್ನು ಮುಚ್ಚಿಡುತ್ತಿರಲಿಲ್ಲ. ಇನ್ನೊಮ್ಮೆ ಬೇಡವೆಂದು ತನ್ನನ್ನು ಕ್ಷಮಿಸುತ್ತಿದ್ದ.

ನಾನು ಹೇಳೋದಿಷ್ಟೆ: ಓದೋಣ, ಅಂಕಾನೂ ತಗೊಳ್ಳೋಣ. ಆದರೆ ಕ್ಯಾಂಟೀನಿನ ಹುಡುಗನನ್ನು ಗದರಿಸಿದ ನಾಲಿಗೆಯನ್ನು ರಾತ್ರಿ ಐದು ನಿಮಿಷ ವಿಚಾರಿಸದಿದ್ದರೆ, ಓದಿದ್ದೆಲ್ಲ ಬರೀ ಬಾಯಿಪಾಠ. ಈ ಪರೀಕ್ಷೆಯಲ್ಲಿ ಕಾಪಿ ಹೊಡೆಯಲಿಕ್ಕೂ ಪಕ್ಕದ ಬೆಂಚಿಲ್ಲ.