ಮೀಯುವುದೂ ಆಲಿಸುವುದೂ

ಅಮೆರಿಕದ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ, ಪರೀಕ್ಷೆಗಳು ಸಮೀಪಿಸಿದಾಗ ವಿದ್ಯಾರ್ಥಿಗಳ ಮನಃಕ್ಲೇಶವನ್ನು ಶಮನಗೊಳಿಸಲೆಂದು ‘ಸೌಂಡ್ ಬಾತ್’ ಎಂಬ ನಾದಸ್ನಾನವನ್ನು ಏರ್ಪಡಿಸುವ ಪದ್ಧತಿ ಈಚೆಗೆ ರೂಢಿಗೆ ಬಂದಿದೆ. ವಿಶಾಲವಾದ ಕೊಠಡಿಯೊಂದರಲ್ಲಿ ತರುಣರು ಚಾಪೆ ಹಾಸಿಕೊಂಡು ಕಣ್ಣುಮುಚ್ಚಿ ಮಲಗುತ್ತಾರೆ; ವಾದಕರು ಕಂಚಿನ ಬಟ್ಟಲುಗಳ ಅಂಚನ್ನು ಮರದ ಕೋಲಿನಿಂದ ಸವರಿ, ಸ್ಫಟಿಕದ ಪಾತ್ರೆಗಳನ್ನು ನುಡಿಸಿ, ಆಗಾಗ ದೊಡ್ಡ ಜಾಗಟೆಯನ್ನು ಮೆಲ್ಲನೆ ತಟ್ಟಿ, ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ತಾಳದ ನಿರ್ಬಂಧವಿಲ್ಲದ ಧ್ವನಿಪ್ರವಾಹದಲ್ಲಿ ಅವರನ್ನು ತೇಲಿಬಿಡುತ್ತಾರೆ. ನಮ್ಮ ನಾಡಿನ ಎಷ್ಟೋ ಮನೆಗಳ ಮಕ್ಕಳು ಆ ವಿದ್ಯಾಲಯಗಳಲ್ಲಿ ಓದುತ್ತಿರುವುದರಿಂದ ಈ ವಿಷಯ ನಮಗೆ ಹೊರಗಿನದಲ್ಲ.

ಆ ಬಟ್ಟಲಿನ ನಾದದಲ್ಲಿ ಒಂದು ವಿಶೇಷವುಂಟು. ಕೈಯಿಂದ ಬಡಿದು ಮಾಡಿದ ಪಾತ್ರೆಯ ವರ್ತುಲ ಪರಿಪೂರ್ಣವಾಗಿರಲಾರದು. ಆ ಅಲ್ಪ ವೈಷಮ್ಯದ ಕಾರಣ, ಒಂದೇ ಸ್ವರವೆಂದು ತೋರುವುದು ವಸ್ತುತಃ ಅತಿ ಸಮೀಪದ ಎರಡು ಕಂಪನಗಳಾಗಿ ಒಡೆದು, ಶ್ರುತಿ ಇನ್ನೂ ಕೂಡದ ತಂಬೂರಿಯ ಎರಡು ತಂತಿಗಳಲ್ಲಿ ಕೇಳಿಬರುವಂತೆ, ಏರಿಳಿಯುವ ಅಲೆಯೊಂದನ್ನು ಹುಟ್ಟಿಸುತ್ತದೆ. ಆ ಅಲೆಯ ಬೆನ್ನುಹತ್ತಿದ ಮನಸ್ಸು ತನ್ನ ಚಿಂತೆಗಳನ್ನು ಸ್ವಲ್ಪ ಹೊತ್ತು ಮರೆತರೆ ಆಶ್ಚರ್ಯವೇನು? ಇದಕ್ಕೆ ನಿಗೂಢ ಕಾರಣವನ್ನು ಹುಡುಕಬೇಕಾದುದಿಲ್ಲ. ಇಂಥ ಸ್ವರ ಇಂಥ ಚಕ್ರವನ್ನು ಶುದ್ಧಿಗೊಳಿಸುತ್ತದೆ, ಇಂಥ ಕಂಪನಸಂಖ್ಯೆ ಇಂಥ ಅವಯವವನ್ನು ಗುಣಪಡಿಸುತ್ತದೆ ಎಂಬ ಮಾತುಗಳಿಗೆ ಪ್ರಮಾಣವಿಲ್ಲ. ಟಿಬೆಟಿನ ಪ್ರಾಚೀನ ಚಿಕಿತ್ಸೆಯೆಂಬ ಖ್ಯಾತಿಯೂ, ಹೆನ್ರಿ ವುಲ್ಫ್ ಮತ್ತು ನ್ಯಾನ್ಸಿ ಹೆನಿಂಗ್ಸ್ 1972ರಲ್ಲಿ ಹೊರತಂದ ಇಂಥ ಬಟ್ಟಲುಗಳ ನಾದದ ಧ್ವನಿಮುದ್ರಿಕೆಯ ಅನಂತರ ಪಶ್ಚಿಮದಲ್ಲಿ ಬೆಳೆದುಬಂದುದು. ಪ್ರಮಾಣವನ್ನು ಅರಸುವುದೇ ಧರ್ಮವಾಗಿರುವ ವಿದ್ಯಾಪೀಠ ಇಂಥ ಮಾತುಗಳಿಗೆ ತನ್ನ ಅಂಗಳದಲ್ಲಿ ಎಡೆಗೊಡಬಾರದು.

ನಾದದಿಂದ ಮನಸ್ಸಿಗೆ ಉಪಶಮನ ದೊರೆಯುತ್ತದೆಂಬುದಕ್ಕೆ ಮಾತ್ರ ಪ್ರಮಾಣವೇ ಇಲ್ಲವೆಂದಲ್ಲ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸ್ಯಾನ್ ಡಿಯಾಗೊ ಶಾಖೆಯ ಸಂಶೋಧಕರು 62 ಮಂದಿಯನ್ನು ನಾದಧ್ಯಾನಕ್ಕೆ ಮುನ್ನವೂ ಅನಂತರವೂ ಪರೀಕ್ಷಿಸಿ, ಅವರ ಉದ್ವೇಗ, ಕೋಪ, ಆಯಾಸಗಳು ಕಡಿಮೆಯಾದುವೆಂದು 2016ರಲ್ಲಿ ಪ್ರಕಟಿಸಿದರು. ಆದರೆ ಅವರ ಸರಾಸರಿ ವಯಸ್ಸು 50ರ ಸಮೀಪದ್ದು. ಹೋಲಿಸಿ ನೋಡಲು, ನಾದವಿಲ್ಲದೆ ಸುಮ್ಮನೆ ಮಲಗಿದ್ದ ಇನ್ನೊಂದು ಗುಂಪೂ ಅಲ್ಲಿ ಇರಲಿಲ್ಲ. ಉಪಶಮನ ದೊರೆತುದು ಬಟ್ಟಲಿನಿಂದಲೊ, ಯಾರೂ ಏನನ್ನೂ ಕೇಳದ ಒಂದು ಗಂಟೆಯ ವಿಶ್ರಾಂತಿಯಿಂದಲೊ ಎಂಬುದನ್ನು ಆ ಪರೀಕ್ಷೆ ನಿರ್ಣಯಿಸಲಾರದು.

ಇದೇ ಸ್ಯಾನ್ ಡಿಯಾಗೊ ಶಾಖೆಯ ಚರಿತ್ರೆಯಲ್ಲಿ ಇದಕ್ಕಿಂತ ಗಂಭೀರವಾದ ಪ್ರಯತ್ನವೊಂದು ನಡೆದಿತ್ತು. ಅದು ಈಗ ಮರೆತುಹೋದಂತಿರುವುದು ನನಗೆ ಖೇದವನ್ನುಂಟುಮಾಡುತ್ತದೆ. ವಿಯಟ್ನಾಂ ಯುದ್ಧವನ್ನು ಪ್ರತಿಭಟಿಸಿ 1970ರ ಮೇ ತಿಂಗಳಲ್ಲಿ ಅಲ್ಲಿಯ ತರುಣನೊಬ್ಬ ವಿದ್ಯಾಲಯದ ಪ್ರಾಂಗಣದಲ್ಲಿಯೇ ಆತ್ಮಾಹುತಿ ಮಾಡಿಕೊಂಡನು. ಅಲ್ಲಿ ಸಂಗೀತವನ್ನು ಬೋಧಿಸುತ್ತಿದ್ದ ಪೌಲೀನ್ ಒಲಿವೆರೋಸ್ ಆ ಕಾಲದ ಕ್ಷೋಭೆಯಿಂದ ಮನನೊಂದು, ಸಭಾಮಂಟಪದ ಸಂಗೀತದಿಂದ ಹಿಂದೆ ಸರಿದು, ದೀರ್ಘವಾಗಿ ನಿಂತ ಸ್ವರವೊಂದನ್ನು ಆಲಿಸುವ ಸಾಧನೆಯಲ್ಲಿ ತೊಡಗಿದರು. ಆ ಸಾಧನೆಯಿಂದ ಹೊರಟ ‘ಸೋನಿಕ್ ಮೆಡಿಟೇಷನ್ಸ್’ಗೆ ಸಂಗೀತದ ಪರಿಶ್ರಮ ಬೇಕಿಲ್ಲ: ವರ್ತುಲವಾಗಿ ಕುಳಿತವರು ಮೊದಲು ತಮ್ಮ ಉಸಿರನ್ನು ಗಮನಿಸುತ್ತಾರೆ, ಕ್ರಮೇಣ ಆ ಉಸಿರೇ ಧ್ವನಿಯಾಗಲು ಎಡೆಗೊಡುತ್ತಾರೆ, ಪಕ್ಕದವರ ಧ್ವನಿಗೆ ಕಿವಿಯಾಗುತ್ತಾರೆ. 1973ರಲ್ಲಿ ಆಕೆ ಇಪ್ಪತ್ತು ಮಂದಿಯನ್ನು ಕೂಡಿಸಿಕೊಂಡು, ದಿನಕ್ಕೆ ಎರಡು ಗಂಟೆ, ವಾರಕ್ಕೆ ಐದು ದಿನ, ಒಂಬತ್ತು ವಾರಗಳ ಕಾಲ ಈ ಅಭ್ಯಾಸವನ್ನು ನಡೆಸಿದರು. ಅಲ್ಲಿ ಚಾಪೆಯ ಮೇಲೆ ಮಲಗಿ ನಾದವನ್ನು ಸ್ವೀಕರಿಸುವ ರೋಗಿ ಯಾರೂ ಇರಲಿಲ್ಲ. ಪ್ರತಿಯೊಬ್ಬರೂ ಕೇಳುವವರೇ, ಪ್ರತಿಯೊಬ್ಬರೂ ನುಡಿಸುವವರೇ. ಒಂದು ಸಂಜೆಯ ನಾದ ಮರುದಿನಕ್ಕೆ ಉಳಿಯುವುದು ದುರ್ಲಭ. ದಿನದಿನದ ಅಭ್ಯಾಸದಿಂದ ಬಂದ ಗಮನವಾದರೋ, ಕೊಠಡಿಯಿಂದ ಹೊರಬಿದ್ದ ಮೇಲೆಯೂ ವಿದ್ಯಾರ್ಥಿಯೊಂದಿಗೆ ನಡೆದುಬರುತ್ತದೆ.

ನಾದಸ್ನಾನವನ್ನು ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ದಣಿದ ಮಗುವಿಗೆ ಒಂದು ಗಂಟೆಯ ನೆಮ್ಮದಿ ದೊರೆತರೆ ಅದನ್ನು ಕಸಿದುಕೊಳ್ಳುವವರು ಯಾರು? ಆದರೆ ಕ್ಲೇಶವನ್ನು ಹುಟ್ಟಿಸುವ ವ್ಯವಸ್ಥೆಯನ್ನು ಮುಟ್ಟದೆ ಕ್ಲೇಶಕ್ಕೆ ಮಾತ್ರ ಲೇಪ ಹಚ್ಚುವುದು ಸಾಲದು. ಸ್ಯಾನ್ ಡಿಯಾಗೊದಲ್ಲಿ ಒಂದು ಅವಧಿಯ ಪಾಠವೆಲ್ಲ ಹತ್ತು ವಾರಗಳಲ್ಲಿ ಮುಗಿಯಬೇಕು; ವಿಷಯ ಮನಸ್ಸಿನಲ್ಲಿ ಬೇರೂರುವ ಮೊದಲೇ ಮಧ್ಯಾವಧಿ ಪರೀಕ್ಷೆ ಬಂದು ನಿಲ್ಲುತ್ತದೆ, ಅದರ ಬೆನ್ನಿಗೆ ಇನ್ನೊಂದು. ಅಧ್ಯಾಪಕಮಂಡಲಿಗಳು ಕುಳಿತು ಈ ಪರೀಕ್ಷೆಗಳು ಒಂದರ ಮೇಲೊಂದು ಬೀಳದಂತೆ ವಿಂಗಡಿಸಲಿ. ವಿಷಾದ ಗಾಢವಾದವನಿಗೆ ಬಟ್ಟಲಿನ ಬದಲು ಮನೋವೈದ್ಯರ ಬಾಗಿಲು ತಡವಿಲ್ಲದೆ ತೆರೆಯಲಿ. ಶಬ್ದವನ್ನು ಸಹಿಸಲಾರದವರು, ಕಿವಿಯಲ್ಲಿ ಸದಾ ಮೊರೆತವಿರುವವರು ನಡುವೆ ಎದ್ದುಹೋಗಲು ಸಂಕೋಚಪಡಬೇಕಾಗದಿರಲಿ. ಮತ್ತು ಒಲಿವೆರೋಸ್ ನಡೆಸಿದಂಥ ಆಲಿಸುವ ಅಭ್ಯಾಸ, ಪರೀಕ್ಷೆಯ ವಾರದ ಉಪಚಾರವಾಗದೆ, ಅಂಕಗಳ ಹಂಗಿಲ್ಲದ ಒಂದು ಪಾಠವಾಗಿ ಅವಧಿಯ ಮೊದಲನೆಯ ವಾರದಿಂದಲೇ ಯಾವ ವಿಭಾಗದ ವಿದ್ಯಾರ್ಥಿಗಾದರೂ ದೊರೆಯಲಿ.