ತಂಬೂರಿಗೆ ಹಾರ, ಪಾತ್ರೆಗೆ ಚೆಕ್‌ಪೋಸ್ಟ್

ರಾಗಿ ಒಕ್ಕಣೆ ಮುಗೀತಾ ಬಂತು. ಹುರುಳಿ ಕಣದಲ್ಲಿದೆ. ಅವರೆಕಾಯಿ ಸೊಗಡು ಇನ್ನೂ ಹೋಗಿಲ್ಲ. ಇನ್ನೇನು ಬನದ ಹುಣ್ಣಿಮೆ. ಈ ಪುಟದಲ್ಲಿ ಬೆಳೆ, ಗೊಬ್ಬರ, ರೋಗ, ರೇಟು ಅಂತ ಬರೆಯೋನು ನಾನು. ಇವತ್ತು ಚಿಕ್ಕಲ್ಲೂರು ಜಾತ್ರೆ ಬಗ್ಗೆ ಬರೀತಿದೀನಿ. ಅದೂ ಬೇಸಾಯಗಾರರ ಮಾತೇ. ಪೂರ್ತಿ ಓದಿ, ಆಮೇಲೆ ಬಯ್ಯೋರು ಬಯ್ರಿ.

ಮಳವಳ್ಳಿ, ಕೊಳ್ಳೇಗಾಲ, ಹನೂರು ಕಡೆಯವರಿಗೆ ಈ ಜಾತ್ರೆ ಏನು ಅಂತ ಹೇಳಬೇಕಾಗಿಲ್ಲ. ಹೊಸ ಹುಡುಗರಿಗಾಗಿ ಎರಡು ಮಾತು. ಇದು ಮಂಟೇಸ್ವಾಮಿಯ ಶಿಷ್ಯ ಸಿದ್ಧಪ್ಪಾಜಿಯ ಗದ್ದುಗೆ ಇರೋ ಜಾಗ. ಜಾತ್ರೆ ಐದು ದಿನ. ಹುಣ್ಣಿಮೆ ರಾತ್ರಿ ಚಂದ್ರಮಂಡಲ. ಬಿದಿರು ಕಟ್ಟಿ, ಬಟ್ಟೆ ಸುತ್ತಿ, ಬೆಂಕಿ ಹಚ್ಚುತ್ತಾರೆ. ಉರಿ ಯಾವ ದಿಕ್ಕಿಗೆ ಹೆಚ್ಚು ವಾಲುತ್ತೋ ಆ ದಿಕ್ಕಲ್ಲಿ ಮಳೆ ಬೆಳೆ ಚೆನ್ನಾಗಿರುತ್ತೆ ಅನ್ನೋದು ನಂಬಿಕೆ. ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಆದರೆ ಸುತ್ತಮುತ್ತಲ ರೈತರು ಒಂದು ಬೆಂಕಿ ಮುಂದೆ ನಿಂತು, ಮುಂದಿನ ಮಳೆಗಾಲದ ಬಗ್ಗೆ ಒಟ್ಟಿಗೆ ಯೋಚನೆ ಮಾಡೋ ರಾತ್ರಿ ವರ್ಷದಲ್ಲಿ ಇನ್ಯಾವುದಿದೆ ಹೇಳಿ?

ನಾಲ್ಕನೇ ದಿನ ಪಂಕ್ತಿಸೇವೆ. ಬಂದವರು ಮರದ ಕೆಳಗೆ, ಹೊಲದ ಬದುವಿನಲ್ಲಿ ಬಿಡಾರ ಹಾಕಿರ್ತಾರೆ. ಅಲ್ಲೇ ಬಾಡಿನಡುಗೆ ಮಾಡಿ, ಸಿದ್ಧಪ್ಪಾಜಿ ಹೆಸರಲ್ಲಿ ಎಡೆ ಇಟ್ಟು, ನೀಲಗಾರರನ್ನ ಕರೆದು ಪೂಜೆ ಮಾಡಿಸಿ, ಸಾಲಾಗಿ ಕೂತು ಉಣ್ತಾರೆ. ದಾರೀಲಿ ಹೋಗೋರನ್ನೂ ಕೈ ಹಿಡಿದು ಕೂರಿಸ್ತಾರೆ. ನಿನ್ನ ಕುಲ ಯಾವುದು ಅಂತ ಕೇಳದೆ ಎಲೆ ಹಾಕೋ ದಿನ ಅದು.

ಈಗ ಇತ್ತೀಚಿನ ವರ್ಷಗಳ ಕತೆ. ಜಾತ್ರೆ ಹತ್ತಿರ ಬಂತು ಅಂದ್ರೆ ಪ್ರಾಣಿ ಬಲಿ ನಿಷೇಧ ಅಂತ ಆದೇಶ ಹೊರಡುತ್ತೆ. ದಾರಿಗೆ ಚೆಕ್‌ಪೋಸ್ಟ್ ಬೀಳುತ್ತೆ. ಕುರಿ, ಮೇಕೆ, ಕೋಳಿ ಇದೆಯಾ ಅಂತ ಗಾಡಿ ಹುಡುಕ್ತಾರೆ. ಇದಕ್ಕೆ ಆಧಾರ 1959ರ ಪ್ರಾಣಿ ಬಲಿ ತಡೆ ಕಾಯ್ದೆ. ಆ ಕಾಯ್ದೆ ಏನು ಹೇಳುತ್ತೆ? ದೇವರನ್ನ ಒಲಿಸಿಕೊಳ್ಳೋ ಉದ್ದೇಶದಿಂದ, ಸಾರ್ವಜನಿಕ ಪೂಜಾ ಸ್ಥಳದಲ್ಲಿ ಅಥವಾ ಅದರ ಆವರಣದಲ್ಲಿ ಪ್ರಾಣಿ ಕೊಲ್ಲೋದು ತಪ್ಪು ಅನ್ನುತ್ತೆ. ಮಾಂಸ ಬೇಯಿಸಿ ಉಣ್ಣೋದು ತಪ್ಪು ಅಂತ ಆ ಕಾಯ್ದೆ ಹೇಳಲ್ಲ. ಗದ್ದುಗೆ ಮುಂದೆ ಕತ್ತಿ ಎತ್ತೋದು ಬೇರೆ, ಬಿಡಾರದಲ್ಲಿ ಒಲೆ ಹಚ್ಚೋದು ಬೇರೆ. ಈ ಎರಡನ್ನೂ ಒಂದೇ ಗಂಟಲ್ಲಿ ಕಟ್ಟಿ ಬಿಸಾಕೋದೇ ನನ್ನ ತಕರಾರು. ಎಡೆ ಇಟ್ರಲ್ಲ, ಅದೂ ಬಲಿಯೇ ಅಂತಾರೆ ಕೆಲವರು. ಹಾಗಾದ್ರೆ ಪಿತೃಪಕ್ಷದಲ್ಲಿ ಹಿರಿಯರಿಗೆ ಬಾಡೂಟ ಎಡೆ ಇಡೋ ನಮ್ಮ ಮನೆ ಮನೆಗೂ ಚೆಕ್‌ಪೋಸ್ಟ್ ಹಾಕ್ತೀರಾ?

ಹರಕೆ ಅಂತ ಕಡಿಯೋರು ಇಲ್ವೇ ಇಲ್ಲ ಅಂತ ನಾನು ಹೇಳಲ್ಲ. ಅದನ್ನ ತಡೀಬೇಕು ಅನ್ನೋರ ಮಾತಿಗೆ ಬೆಲೆ ಇದೆ. ತಡೀಲಿ. ಗದ್ದುಗೆ ಆವರಣ ಕಾಯಲಿ. ಅದಕ್ಕೆ ಮೈಲಿಗಟ್ಟಲೆ ದೂರದಲ್ಲಿ ಮುದುಕಮ್ಮನ ಕೈಚೀಲ ಬಿಚ್ಚಿಸಬೇಕಾಗಿಲ್ಲ.

ಈಗ ಮಂಟೇಸ್ವಾಮಿ ಕತೆಗೆ ಬನ್ನಿ. ನೀಲಗಾರರು ರಾತ್ರಿ ಇಡೀ ಹಾಡೋ ಆ ಕಾವ್ಯದಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಹೇಗೆ ಬರ್ತಾನೆ? ಪಟ್ಟೆ ಉಟ್ಟು ಬರಲ್ಲ. ಊರಾಚೆಯವನ ವೇಷದಲ್ಲಿ, ಮಾಂಸ ಹೆಂಡ ಹೊತ್ತು ಬರ್ತಾನೆ. ಬಾಗಿಲಲ್ಲಿ ತಡೀತಾರೆ. ಬಸವಣ್ಣನ ಕಲ್ಯಾಣದಲ್ಲೇ ಹೀಗಾದರೆ ಸಮಾನತೆ ಎಲ್ಲಿ ಅಂತ ಪರೀಕ್ಷೆ ಮಾಡೋಕೇ ಆತ ಹಾಗೆ ಬಂದಿದ್ದು. ನಮ್ಮ ಸೀಮೆಯ ಈ ದೊಡ್ಡ ಕಾವ್ಯ ಕೇಳೋದೇ ಬಾಡು ತಂದವನನ್ನ ಒಳಗೆ ಬಿಡಬೇಕೋ ಬೇಡವೋ ಅನ್ನೋ ಪ್ರಶ್ನೆಯನ್ನ. ಅದೇ ಮಂಟೇಸ್ವಾಮಿಯ ಶಿಷ್ಯನ ಜಾತ್ರೆಗೆ ಹೋಗೋ ದಾರೀಲಿ ಇವತ್ತು ಅದೇ ತಡೆ ನಿಂತಿದೆ. ತಡೆಯೋರು ಆ ಹಾಡು ಕೇಳಿಲ್ಲ. ಬೇಜಾರು ಅಂದ್ರೆ, ಕೇಳಿರೋ ನಾವೂ ಸುಮ್ಮನಿದೀವಿ.

2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ಆದಾಗ, ಊಟದಲ್ಲಿ ಬಾಡೂ ಇರಲಿ ಅಂತ ಕೆಲವರು ಹೋರಾಟ ಮಾಡಿದ್ರು. ಟೀ ಅಂಗಡೀಲಿ ನಮ್ಮವರೇ ನಕ್ಕರು. ಸಾಹಿತ್ಯಕ್ಕೂ ಬಾಡಿಗೂ ಏನಪ್ಪಾ ಸಂಬಂಧ ಅಂದ್ರು. ಸಂಬಂಧ ಇದು: ಮಂಟೇಸ್ವಾಮಿ ಕಾವ್ಯದಿಂದ ಬಾಡನ್ನ ತೆಗೆದರೆ ಕಲ್ಯಾಣದ ಬಾಗಿಲ ಜಗಳವೇ ಇರಲ್ಲ. ಜಗಳ ಇಲ್ಲದಿದ್ರೆ ಕಾವ್ಯವೂ ಇಲ್ಲ.

ಇನ್ನು ಕುರಿ ವಿಷಯ. ಬಂಡೂರು ಕುರಿಗೆ ಹೆಸರು ಬಂದಿರೋದು ಮಳವಳ್ಳಿ ತಾಲ್ಲೂಕಿನ ಬಂಡೂರಿನಿಂದ. ದೇಶದಲ್ಲೇ ರುಚಿಯಾದ ಮಾಂಸ ಅಂತ ಹೆಸರು. ಧನಗೂರಿನಲ್ಲಿ ಸರ್ಕಾರದ್ದೇ ಕುರಿ ತಳಿ ಕೇಂದ್ರ ಇದೆ. ಕುರಿ ಸಾಕಿ, ಆದಾಯ ಮಾಡಿ ಅಂತ ನಮಗೆ ಹೇಳೋದೂ ಸರ್ಕಾರವೇ. ಸಾಕಿದ ಕುರಿ ಲಾರಿ ತುಂಬಿ ಬೆಂಗಳೂರಿಗೆ ಹೋದರೆ ಅದು ಹೈನು-ಕುರಿ ಅಭಿವೃದ್ಧಿ. ಸಾಕಿದವನು ಅದನ್ನ ನಾಲ್ಕು ಜನಕ್ಕೆ ಹಂಚಿ ಉಂಡರೆ ಮೂಢನಂಬಿಕೆ. ಮಾರೋದಕ್ಕೆ ಮರ್ಯಾದೆ, ಉಣ್ಣೋದಕ್ಕೆ ಅವಮಾನ. ಇದು ಯಾವ ಊರ ನ್ಯಾಯ?

ದಯೆ ಬಗ್ಗೆ ಮಾತಾಡೋರಿಗೆ ನಾನು ಅಗೌರವ ತೋರಲ್ಲ. ಮಾಂಸ ಬಿಟ್ಟವರು ನಮ್ಮಲ್ಲೂ ಇದಾರೆ, ಅವರಿಗೆ ಯಾರೂ ಬಲವಂತ ಮಾಡಲ್ಲ. ಆದರೆ ದಯೆ ಅಂದ್ರೆ ಏನು ಅಂತ ರಾತ್ರಿ ಎರಡು ಗಂಟೆಗೆ ಎದ್ದು ಈಯೋ ಕುರಿ ಪಕ್ಕ ಕೂತವನಿಗೂ ಗೊತ್ತು. ಆ ದಯೆ ವರ್ಷಕ್ಕೊಂದು ಜಾತ್ರೆ ಮೇಲೆ, ಅದೂ ಬಡವರು ಸೇರೋ ಜಾತ್ರೆ ಮೇಲೆ ಮಾತ್ರ ಯಾಕೆ ಸುರಿಯುತ್ತೆ ಅನ್ನೋದಷ್ಟೇ ನನ್ನ ಪ್ರಶ್ನೆ.

ಗಲೀಜಾಗುತ್ತೆ ಅಂತಾರೆ. ನಿಜ, ಆಗುತ್ತೆ. ಸಾವಿರಾರು ಜನ ಐದು ದಿನ ಸೇರಿದರೆ ಸೊಪ್ಪು ಸಾರು ಮಾಡಿದ್ರೂ ಗಲೀಜಾಗುತ್ತೆ. ಅದಕ್ಕೆ ಬೇಕಾಗಿರೋದು ಕುಡಿಯೋ ನೀರಿನ ನಲ್ಲಿ, ಹೆಂಗಸರಿಗೆ ಮರೆಯಾದ ಶೌಚಾಲಯ, ಕಸ ಮುಚ್ಚೋಕೆ ಗುಂಡಿ, ಪ್ರಾಣಿಗಳನ್ನ ನೋಡೋಕೆ ಒಬ್ಬ ಪಶುವೈದ್ಯರು. ಚೆಕ್‌ಪೋಸ್ಟ್‌ಗೆ ಹಾಕೋ ಜನದಲ್ಲಿ ಅರ್ಧ ಜನವನ್ನ ಈ ಕೆಲಸಕ್ಕೆ ಹಾಕಿದ್ರೂ ಸಾಕು.

ಈಗ ಹಾಡಿನ ಮಾತು. ನೀಲಗಾರರ ತಂಬೂರಿ, ಗಗ್ಗರ, ಡಕ್ಕಿ ಈಗ ಸರ್ಕಾರಿ ವೇದಿಕೆ ಮೇಲೆ ಬರುತ್ತೆ. ಹತ್ತು ನಿಮಿಷ ಹಾಡಿಸಿ, ಶಾಲು ಹೊದಿಸಿ, ಹಾರ ಹಾಕಿ, ಫೋಟೊ ತೆಗೆದು ಕಳಿಸ್ತಾರೆ. ವಿದ್ವಾಂಸರು ಕಾವ್ಯ ಸಂಗ್ರಹಿಸಿದ್ದಾರೆ, ಎಚ್.ಎಸ್. ಶಿವಪ್ರಕಾಶ್ ‘ಮಂಟೇಸ್ವಾಮಿ ಕಥಾಪ್ರಸಂಗ’ ನಾಟಕ ಬರೆದಿದ್ದಾರೆ. ಎಲ್ಲಾ ಒಳ್ಳೇದೇ. ಆದರೆ ಒಂದು ರಾತ್ರಿಗೆ ಮುಗಿಯದ ಹಾಡು ವೇದಿಕೆಯಲ್ಲಿ ಬದುಕಲ್ಲ. ಅದು ಬದುಕಿರೋದು ಬೊಪ್ಪೇಗೌಡನಪುರ, ಕಪ್ಪಡಿ, ಚಿಕ್ಕಲ್ಲೂರಿನ ಜಾತ್ರೆಗಳಲ್ಲಿ, ಬಿಡಾರದ ಬೆಂಕಿ ಪಕ್ಕದಲ್ಲಿ. ಹುಡುಗ ಗುರುವಿನ ಹಿಂದೆ ಕೂತು ಸೊಲ್ಲು ಕಲಿಯೋದು ಅಲ್ಲಿ. ಊಟ ತೆಗೆದರೆ ಜನ ಉಳಿಯಲ್ಲ. ಬೆಳಿಗ್ಗೆ ಬಂದು ಕೈ ಮುಗಿದು ಮಧ್ಯಾಹ್ನದ ಬಸ್ಸಿಗೆ ಹೋಗ್ತಾರೆ. ಜನ ಉಳಿಯದಿದ್ರೆ ಹಾಡು ಕೇಳೋರಿಲ್ಲ. ತಂಬೂರಿಗೆ ಹಾರ ಹಾಕಿ ಪಾತ್ರೆಗೆ ಚೆಕ್‌ಪೋಸ್ಟ್ ಹಾಕೋದು ಅಂದ್ರೆ, ಬೇರು ಕಡಿದು ಎಲೆಗೆ ನೀರು ಚಿಮುಕಿಸಿದ ಹಾಗೆ.

ಇಷ್ಟು ಹೊತ್ತು ಸರ್ಕಾರಕ್ಕೆ ಹೇಳಿದೆ. ಈಗ ನಮಗೆ.

ಪಂಕ್ತಿಸೇವೆ ಉಳಿಸಿ ಅಂತ ದನಿ ಎತ್ತಿರೋರಲ್ಲಿ ದಲಿತ ಸಂಘಟನೆಯವರು, ಕೆಲವು ಬರಹಗಾರರು, ನೀಲಗಾರರೇ ಮುಂದೆ. ಹೊಲ ತೋಟ ಇರೋ ನಾವು, ‘ಅದು ಅವರ ಗಲಾಟೆ’ ಅಂತ ಪಕ್ಕಕ್ಕೆ ಸರಿದು ನಿಂತಿದೀವಿ. ಹರಕೆ ನಮಗೂ ಇದೆ, ಕುರಿ ನಮ್ಮದೂ ಇದೆ, ಉಣ್ಣೋಕೆ ಬಾಯಿ ನಮಗೂ ಇದೆ. ಮಾತಾಡೋಕೆ ಮಾತ್ರ ಇನ್ನೊಬ್ಬರ ಬಾಯಿ ಬೇಕಾ? 1980ರ ದಶಕದಲ್ಲಿ ರೈತ ಸಂಘ ಕಟ್ಟಿದಾಗ, ಸಂಘದ ಅನುಮತಿ ಇಲ್ಲದೆ ಸಾಲ ವಸೂಲಿಗೆ ಊರೊಳಗೆ ಕಾಲಿಡಬೇಡಿ ಅಂತ ಅಧಿಕಾರಿಗಳಿಗೆ ಬೋರ್ಡ್ ಹಾಕಿದ ಸೀಮೆ ನಮ್ಮದು. ಅದೇ ಹಸಿರು ಶಾಲು ಇವತ್ತು ಚೆಕ್‌ಪೋಸ್ಟ್‌ನಲ್ಲಿ ಚೀಲ ಬಿಚ್ಚಿ ತೋರಿಸ್ತಾ ನಿಂತಿದೆ.

ಇನ್ನೂ ಕಹಿ ಮಾತು ಒಂದಿದೆ. ಜಾತ್ರೇಲಿ ಒಂದು ದಿನ ಕುಲ ಕೇಳಲ್ಲ ಅಂತ ಹೆಮ್ಮೆ ಪಡೋ ನಮ್ಮ ಎಷ್ಟು ಊರಲ್ಲಿ, ಉಳಿದ ದಿನ ತಂಬೂರಿ ಹಿಡಿದವನು ಜಗಲಿ ದಾಟಿ ಒಳಗೆ ಬರಬಹುದು? ಜಾತ್ರೇಲೂ ಎಲ್ಲಾ ಬಿಡಾರದಲ್ಲಿ ಎಲ್ಲರೂ ಕೂತು ಉಂಡುಬಿಡ್ತಾರೆ ಅಂತ ನಾನು ಬಣ್ಣ ಹಚ್ಚಲ್ಲ. ಆದರೂ ಬೇರೆ ಹಬ್ಬದಲ್ಲಿ ಇಲ್ಲದ ಒಂದು ಸಂದು ಅಲ್ಲಿದೆ. ಆ ಸಂದು ದೊಡ್ಡದಾಗಬೇಕು. ಮುಚ್ಚೋಕೆ ಹೊರಟವರಿಗೆ ಕಾಯ್ದೆ ಒಂದು ನೆಪ, ನಮ್ಮ ಮೌನ ಇನ್ನೊಂದು ನೆಪ.

ಹಾಗಾಗಿ ಮಾಡಬೇಕಾದ ನಾಲ್ಕು ಕೆಲಸ ಹೇಳಿ ಮುಗಿಸ್ತೀನಿ.

ಒಂದು, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ಪಂಕ್ತಿಸೇವೆ ಬಲಿಯಲ್ಲ, ಊಟ ಅಂತ ನಿರ್ಣಯ ಬರೆಸಿ. ಪ್ರತಿ ತಗೊಂಡು ತಾಲ್ಲೂಕು ಕಚೇರಿಗೆ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಎರಡು, ಅದೇ ಅರ್ಜಿಯಲ್ಲಿ ನೀರು, ಶೌಚಾಲಯ, ಕಸದ ಗುಂಡಿ ಕೇಳಿ. ಬಿಡಾರ ಹಾಕಿದ ಜಾಗವನ್ನ ಗುಡಿಸಿ ಬರೋ ಜವಾಬ್ದಾರಿ ನಾವು ಹೊರೋಣ. ಮೂರು, ಗದ್ದುಗೆ ಆವರಣದಲ್ಲಿ ಕತ್ತಿ ಎತ್ತೋರನ್ನ ನಾವೇ ತಡೆಯೋಣ. ಆಗ ನಮ್ಮ ಮಾತಿಗೆ ತೂಕ ಬರುತ್ತೆ. ನಾಲ್ಕು, ಈ ಸಲ ನಿಮ್ಮೂರ ನೀಲಗಾರರನ್ನ ಒಂದು ರಾತ್ರಿ ಮನೆಗೆ ಕರೀರಿ. ನಡುಮನೇಲಿ ಕೂರಿಸಿ, ಹಾಡಿಸಿ, ಜೊತೆಗೆ ಕೂತು ಉಣ್ಣಿ, ಆರ್ಕೆಸ್ಟ್ರಾದವರಿಗೆ ಕೊಡೋ ಹಾಗೇ ಎಣಿಸಿ ದುಡ್ಡು ಕೊಡಿ.

ನಾಲ್ಕನೇದು ಎಲ್ಲಕ್ಕಿಂತ ಕಷ್ಟ ಅಂತ ನನಗೂ ಗೊತ್ತು. ಅದಕ್ಕೆ ಯಾವ ಆದೇಶವೂ ಅಡ್ಡ ಇಲ್ಲ ಅನ್ನೋದು ನಿಮಗೂ ಗೊತ್ತು. ಯಾರು ಯಾರು ಕರೀತೀರಿ, ಕೆಳಗೆ ಊರ ಹೆಸರು ಬರೀರಿ.